ಬೆದೆ ಬರುವ ಮೊದಲು

(ತಾಲ್ಲೂಕು ಕೇಂದ್ರದ ಒಂದು ಗ್ರಂಥಾಲಯದಲ್ಲಿ ಈಚೆಗೆ ಆಡಿದ ಮಾತು. ಕೇಳಿದ ಕೆಲವರು ಬರೆದುಕೊಡಿ ಅಂದದ್ದರಿಂದ ಬರಹಕ್ಕೆ ಇಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸೋಮಾರಿತನದ ಬಗ್ಗೆ, ದುಡಿಮೆಯ ಬಗ್ಗೆ ನಮ್ಮ ಹಿಂದಿನವರು ಏನು ಹೇಳಿದ್ದಾರೆ ಅನ್ನುವುದನ್ನು ಮಾತಾಡಿ ಅಂತ ನನ್ನನ್ನು ಕರೆದಿದ್ದೀರಿ. ಗಾದೆಗಳಿಂದ ಶುರು ಮಾಡಬಹುದಿತ್ತು. ಕೈ ಕೆಸರಾದರೆ ಬಾಯಿ ಮೊಸರು. ನಾಳೆ ಎಂದವನ ಮನೆ ಹಾಳು. ಇವೆಲ್ಲ ನಿಮಗೆ ಬಾಯಿಪಾಠ. ಅದಕ್ಕೇ ನಾನು ಒಂದು ಕೂರಿಗೆಯಿಂದ ಶುರು ಮಾಡುತ್ತೇನೆ.

ಕೂರಿಗೆಯನ್ನು ನೋಡಿಯೇ ಇಲ್ಲದ ಮಕ್ಕಳು ಇಲ್ಲಿ ಕೂತಿದ್ದಾರೆ. ಅದು ಬಿತ್ತನೆಯ ಸಲಕರಣೆ. ಮೇಲೆ ಮರದ ಒಂದು ಬಟ್ಟಲು. ಅದರ ತಳದಲ್ಲಿ ಸಾಲಾಗಿ ತೂತು. ಒಂದೊಂದು ತೂತಿನಿಂದ ಒಂದೊಂದು ಬಿದಿರಿನ ಕೊಳವೆ ಇಳಿದು ಕೆಳಗಿನ ತಾಳಿಗೆ ಸೇರುತ್ತದೆ. ಎತ್ತು ಎಳೆದ ಹಾಗೆ ತಾಳು ಮಣ್ಣು ಸೀಳುತ್ತದೆ, ಬಟ್ಟಲಿಗೆ ಬಿಟ್ಟ ರಾಗಿ ಕೊಳವೆಯಲ್ಲಿ ಇಳಿದು ಸಾಲಿಗೆ ಬೀಳುತ್ತದೆ. ಬಟ್ಟಲಿಗೆ ಕಾಳು ಬಿಡುವ ಕೈ ಪಳಗಿದ ಕೈ ಆಗಿರಬೇಕು. ಜಾಸ್ತಿ ಬಿಟ್ಟರೆ ಪೈರು ಒತ್ತಾಗುತ್ತದೆ, ಕಡಿಮೆ ಬಿಟ್ಟರೆ ಹೊಲ ಬೋಳಾಗುತ್ತದೆ. ನಮ್ಮ ಮನೆಯಲ್ಲಿ ಆ ಕೈ ಅವ್ವನದು.

ನಾನು ಐದನೇ ಕ್ಲಾಸಿನಲ್ಲಿದ್ದಾಗಿನ ಮಾತು. ಹಿಂದಿನ ವರ್ಷದ ಬಿತ್ತನೆಯಲ್ಲಿ ನಮ್ಮ ಕೂರಿಗೆಯ ಒಂದು ತಾಳು ಕಲ್ಲಿಗೆ ತಾಗಿ ಸೀಳಿತ್ತು. ಅದನ್ನು ಹಾಗೇ ತಂದು ಕೊಟ್ಟಿಗೆಯಲ್ಲಿ ತೂಗುಹಾಕಿದ್ದರು. "ಕೂರಿಗೆ ಆಚಾರ್ರ ಮನೆಗೆ ಹಾಕಿ ಬನ್ನಿ ಅಂದ್ರೆ" ಅಂತ ಅವ್ವ ಸುಗ್ಗಿ ಮುಗಿದಾಗ ಒಂದು ಸಲ ಹೇಳಿದಳು, ಯುಗಾದಿ ಕಳೆದಾಗ ಒಂದು ಸಲ, ರೋಹಿಣಿ ಮಳೆ ಹುಟ್ಟಿದಾಗ ಇನ್ನೊಂದು ಸಲ. ಅಪ್ಪ ಪ್ರತಿ ಸಲವೂ ಒಪ್ಪಿದರು. "ಹೂಂ ಕಣೆ, ನಾಳೆ ಹೋಗ್ತೀನಿ."

ಆರಿದ್ರಾ ಮಳೆ ಒಂದು ರಾತ್ರಿ ಚೆನ್ನಾಗಿ ಹುಯ್ದಿತು. ಬೆಳಗ್ಗೆ ಊರಿಗೆ ಊರೇ ಹೊಲದಲ್ಲಿತ್ತು. ಅಪ್ಪ ಕೂರಿಗೆ ಹೊತ್ತುಕೊಂಡು ಬಡಗಿ ಆಚಾರ್ರ ಅಂಗಳಕ್ಕೆ ಓಡಿದರು, ನಾನು ಹಿಂದೆ ಹಿಂದೆ. ಅಲ್ಲಿ ಆಗಲೇ ನಾಲ್ಕು ಜನ ಮುರಿದ ನೊಗ, ಮೇಣಿ ಹಿಡಿದು ಕೂತಿದ್ದರು. "ಬೆದೆ ಬಂದ ಮೇಲೆ ತಂದ್ರೆ ನಾನೇನ್ ಮಾಡ್ಲಿ ಅಣ್ಣಾ" ಅಂದರು ಆಚಾರ್ರು. ಬೆದೆ ಅಂದರೆ ಮಳೆಯಾದ ಮೇಲೆ ನೆಲ ಬಿತ್ತನೆಗೆ ಹದವಾಗಿರುವ ಹೊತ್ತು. ಬೈದದ್ದಲ್ಲ, ಅವರಿಗೂ ಸಂಕಟವಾಗಿತ್ತು. ಪಕ್ಕದ ಹೊಲದವರ ಕೂರಿಗೆ ಕೇಳಿದರೆ ಅವರದೇ ಬಿತ್ತನೆ ಮುಗಿದಿರಲಿಲ್ಲ. ಮೂರನೇ ದಿನ ಕೂರಿಗೆ ಕೈಗೆ ಬಂತು. ಅಷ್ಟರಲ್ಲಿ ಮೂಡಣ ಗಾಳಿಯೋ ಪಡುವಣ ಗಾಳಿಯೋ, ನೆಲದ ಪಸೆ ಎಲ್ಲ ಎಳೆದುಕೊಂಡಿತ್ತು. ನಮ್ಮದು ಕೆಂಪು ನೆಲ, ಪಸೆ ಹಿಡಿದಿಟ್ಟುಕೊಳ್ಳುವುದಿಲ್ಲ. ಆ ವರ್ಷ ರಾಗಿಯ ನಡುನಡುವೆ ಹಾಕುವ ಅಕ್ಕಡಿ ಸಾಲಿನ ಅವರೆ ಹುಟ್ಟಲೇ ಇಲ್ಲ. ರಾಗಿ ಅಲ್ಲಲ್ಲಿ ಹುಟ್ಟಿ, ತೆನೆ ಹಿಡಿಯುವ ಹೊತ್ತಿಗೆ ಮಳೆ ಹಿಂದಾಗಿ, ಅರ್ಧಕ್ಕರ್ಧ ಜೊಳ್ಳಾಯಿತು.

ಈಗ ನಿಮ್ಮನ್ನು ಕೇಳುತ್ತೇನೆ. ನನ್ನ ಅಪ್ಪ ಸೋಮಾರಿಯೇ?

ಕೋಳಿ ಕೂಗುವ ಮೊದಲೇ ಏಳುತ್ತಿದ್ದ ಮನುಷ್ಯ ಅವರು. ಆ ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆದಿದ್ದರು, ಕೊಟ್ಟಿಗೆಗೆ ಹೊಸ ಗೋಡೆ ಹಾಕಿದ್ದರು, ಇಬ್ಬರು ನೆಂಟರ ಮನೆಯ ಮದುವೆಗೆ ಚಪ್ಪರ ಹಾಕಿ ಬಂದಿದ್ದರು. ಸುಮ್ನೆ ಕೂತ ಒಂದು ದಿನವೂ ನನಗೆ ನೆನಪಿಲ್ಲ. ಆದರೂ ಬೆದೆ ತಪ್ಪಿತು. ಈ ಪ್ರಶ್ನೆ ನನ್ನನ್ನು ಬಹಳ ವರ್ಷ ಕಾಡಿದೆ. ಉತ್ತರ ಸಿಕ್ಕಿದ್ದು ಮಹಾಭಾರತದಲ್ಲಿ.

ಉದ್ಯೋಗಪರ್ವದಲ್ಲಿ ವಿದುರ ಧೃತರಾಷ್ಟ್ರನಿಗೆ ಹೇಳುವ ಒಂದು ಶ್ಲೋಕ ಇದೆ. ಏಳಿಗೆ ಬೇಕು ಅನ್ನುವವನು ಆರು ದೋಷ ಬಿಡಬೇಕು. ನಿದ್ರೆ, ತೂಕಡಿಕೆ, ಭಯ, ಕೋಪ, ಆಲಸ್ಯ, ದೀರ್ಘಸೂತ್ರತೆ. ಕೊನೆಯ ಎರಡನ್ನು ಗಮನಿಸಿ. ಆಲಸ್ಯ ಬೇರೆ, ದೀರ್ಘಸೂತ್ರತೆ ಬೇರೆ. ಗೀತೆಯ 18ನೇ ಅಧ್ಯಾಯದಲ್ಲೂ ತಾಮಸ ಗುಣದವನನ್ನು ವಿವರಿಸುವಾಗ ಈ ಎರಡನ್ನೂ ಬೇರೆ ಬೇರೆಯಾಗಿಯೇ ಎಣಿಸಿದೆ. ಸೂತ್ರ ಅಂದರೆ ದಾರ. ದೀರ್ಘಸೂತ್ರಿ ಅಂದರೆ ದಾರವನ್ನು ಉದ್ದಕ್ಕೆ ಎಳೆಯುತ್ತಲೇ ಹೋಗುವವನು. ಕೆಲಸ ಬೇಡ ಅನ್ನುವವನಲ್ಲ. ಮಾಡುತ್ತೇನೆ ಅನ್ನುತ್ತಲೇ ಇರುವವನು.

ಶಾಂತಿಪರ್ವದಲ್ಲಿ ಭೀಷ್ಮ ಧರ್ಮರಾಯನಿಗೆ ಹೇಳುವ ಮೂರು ಮೀನಿನ ಕತೆ ಬರುತ್ತದೆ. ಇದೇ ಕತೆ ಪಂಚತಂತ್ರದಲ್ಲೂ ಇದೆ, ನೀವು ಚಿಕ್ಕಂದಿನಲ್ಲಿ ಓದಿರುತ್ತೀರಿ. ಅಲ್ಲಿ ಮೂರನೇ ಮೀನಿನ ಹೆಸರು ಯದ್ಭವಿಷ್ಯ, ಆಗಿದ್ದಾಗಲಿ ಅಂತ ಕೂತವನು. ಆದರೆ ಭೀಷ್ಮ ಹೇಳುವ ಕತೆಯಲ್ಲಿ ಆ ಮೀನಿನ ಹೆಸರೇ ದೀರ್ಘಸೂತ್ರ. ಹೆಚ್ಚು ಆಳವಿಲ್ಲದ ಒಂದು ಮಡು. ಬೆಸ್ತರು ಅದರ ನೀರನ್ನು ಬೇರೆ ಬೇರೆ ಕಡೆಯಿಂದ ಹೊರಗೆ ಹರಿಸಲು ಶುರು ಮಾಡುತ್ತಾರೆ. ನೀರು ಕಡಿಮೆಯಾಗುವುದನ್ನು ಮೊದಲ ಮೀನು ನೋಡುತ್ತದೆ. ತಾನೊಂದೇ ಓಡಿ ಹೋಗುವುದಿಲ್ಲ. ದಾರಿ ಕೆಡುವ ಮೊದಲು ಹೊರಟುಬಿಡೋಣ ಅಂತ ಗೆಳೆಯರಿಬ್ಬರನ್ನೂ ಕರೆಯುತ್ತದೆ. ಎರಡನೆಯದು, ಹೊತ್ತು ಬಂದಾಗ ನನಗೆ ಉಪಾಯ ಹೊಳೆಯುತ್ತದೆ ಬಿಡು ಅನ್ನುತ್ತದೆ. ದೀರ್ಘಸೂತ್ರ ಏನನ್ನುತ್ತಾನೆ ಗೊತ್ತಾ? ನೀನು ಹೇಳುವುದು ಸರಿ, ಆದರೆ ಆತುರ ಬೇಡ.

ನೀನು ಹೇಳುವುದು ಸರಿ. ನನ್ನ ಅಪ್ಪನ "ಹೂಂ ಕಣೆ" ಅದೇ ಅಲ್ವಾ? ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕೂತಿದ್ದೆ.

ಕತೆ ಮುಂದೆ ಹೀಗೆ. ಮೊದಲ ಮೀನು ಹರಿಯುವ ನೀರಿನ ಜೊತೆ ಆಳದ ಮಡುವಿಗೆ ಹೊರಟುಹೋಗುತ್ತದೆ. ಉಳಿದವು ಬೆಸ್ತರ ಕೈಗೆ ಸಿಗುತ್ತವೆ. ಬೆಸ್ತರು ಮೀನುಗಳನ್ನು ಹಗ್ಗಕ್ಕೆ ಪೋಣಿಸುವಾಗ ಎರಡನೇ ಮೀನು ಹಗ್ಗವನ್ನು ಬಾಯಲ್ಲಿ ಕಚ್ಚಿಕೊಂಡು ತಾನೂ ಪೋಣಿಸಿದ ಮೀನಿನ ಹಾಗೆ ಜೋತು ಬೀಳುತ್ತದೆ. ದೊಡ್ಡ ನೀರಿನಲ್ಲಿ ತೊಳೆಯುವಾಗ ಹಗ್ಗ ಬಿಟ್ಟು ಪಾರಾಗುತ್ತದೆ. ಮೂರನೆಯದಕ್ಕೆ ಆ ಬುದ್ಧಿಯೂ ಓಡುವುದಿಲ್ಲ. "ದೀರ್ಘಸೂತ್ರೀ ವಿನಶ್ಯತಿ" ಅಂತ ಭೀಷ್ಮನ ಮಾತು. ಶರಶಯ್ಯೆಯಲ್ಲಿ ಮಲಗಿದ ಮುದುಕ, ಯುದ್ಧ ಎಲ್ಲ ಮುಗಿದ ಮೇಲೆ, ಗೆದ್ದ ರಾಜನಿಗೆ ಹೇಳುವ ಮಾತು ಇದು. ಅದಕ್ಕೇ ನನಗೆ ಅದರ ತೂಕ ಜಾಸ್ತಿ ಅನಿಸುತ್ತದೆ.

ಈಗ ನಮ್ಮ ಹೊಲಕ್ಕೆ ವಾಪಸ್ ಬರೋಣ. ನಮ್ಮ ರೈತರು ದುಡಿಮೆಯನ್ನು ಎಷ್ಟು ಗಂಟೆ ಅಂತ ಅಳೆದವರಲ್ಲ. ಅವರ ಅಳತೆ ಹದ. ಮಣ್ಣಿಗೆ ಹದ, ಕುಲುಮೆಯ ಕಬ್ಬಿಣಕ್ಕೆ ಹದ, ಒಲೆ ಮೇಲಿನ ಮುದ್ದೆಗೆ ಹದ. ಬಿತ್ತುವ ಹದಕ್ಕೆ ಬೇರೆಯೇ ಹೆಸರು, ಬೆದೆ. ಒಂದು ಹಿಡಿ ಮಣ್ಣು ತೆಗೆದು ಅದುಮಿ ಬಿಟ್ಟರೆ ಉಂಡೆ ಕಟ್ಟಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ಆ ಸ್ಥಿತಿ ಎರಡು ದಿನ ಇರುತ್ತದೆ, ಹೆಚ್ಚೆಂದರೆ ಮೂರು. ವರ್ಷದ ಊಟ ಆ ಎರಡು ಮೂರು ದಿನದಲ್ಲಿ ತೀರ್ಮಾನವಾಗುತ್ತದೆ.

ಆ ದಿನ ಯಾವಾಗ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಆದರೆ ಸುಮಾರು ಯಾವಾಗ ಅನ್ನುವುದು ಗೊತ್ತಿತ್ತು. ಮಳೆ ನಕ್ಷತ್ರಗಳ ಲೆಕ್ಕ ಅದಕ್ಕೇ ಇರುವುದು. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ. ಏಪ್ರಿಲ್ ನಡುವಿಗೆ ಅಶ್ವಿನಿ, ಆಮೇಲೆ ಭರಣಿ, ಕೃತ್ತಿಕೆ, ಮೇ ಕೊನೆಗೆ ರೋಹಿಣಿ, ಜೂನ್ ಮೂರನೇ ವಾರ ಕಳೆದರೆ ಆರಿದ್ರಾ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ, ಆರಿದ್ರಾ ಇಲ್ಲದಿದ್ದರೆ ದರಿದ್ರ ಅನ್ನುವ ಮಾತುಗಳನ್ನು ಈಗ ನಾವು ಪ್ರಾಸಕ್ಕೆ ಹೇಳುತ್ತೇವೆ. ನಮ್ಮ ಅಜ್ಜಿಗೆ ಅವು ಕ್ಯಾಲೆಂಡರ್. ಇಂಥ ಮಳೆ ಹುಟ್ಟುವ ಹೊತ್ತಿಗೆ ಇಂಥ ಕೆಲಸ ಮುಗಿದಿರಬೇಕು ಅನ್ನುವ ಲೆಕ್ಕ ಅವಳ ತಲೆಯಲ್ಲಿ ಓಡುತ್ತಿತ್ತು.

ಆ ಲೆಕ್ಕ ಮಳೆಗಾಲಕ್ಕೆ ಶುರುವಾಗುತ್ತಿರಲಿಲ್ಲ. ಸುಗ್ಗಿಯಲ್ಲೇ ಶುರು. ಕೊಯ್ಲಿಗೆ ಮೊದಲು ಅಜ್ಜಿ ಹೊಲದೊಳಗೆ ಒಬ್ಬಳೇ ನಡೆದು, ದಪ್ಪ ತೆನೆಗಳನ್ನು ಆರಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಅದು ಮುಂದಿನ ವರ್ಷದ ಬೀಜ. ಒಕ್ಕಣೆಯ ರಾಗಿಯ ಜೊತೆ ಅದನ್ನು ಬೆರೆಸುವ ಹಾಗಿಲ್ಲ. ಬೇರೆಯಾಗಿ ಬಡಿದು, ಒಣಗಿಸಿ, ಮಡಕೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತುತ್ತಿದ್ದಳು. ಅವರೆ, ತೊಗರಿ ಬೀಜಕ್ಕೆ ಇನ್ನೊಂದು ಉಪಚಾರ. ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ, ಕಾಳಿಗೆ ಸವರಿ, ಬಿಸಿಲಿಗೆ ಹರವುವುದು. ಕಾಳಿನ ಮೇಲೆ ಮಣ್ಣಿನ ತೆಳು ಅಂಗಿ ಕೂತರೆ ಹುಳ ಹತ್ತುವುದಿಲ್ಲ. ಜಗುಲಿ ತುಂಬ ಕೆಂಪು ಕಾಳು ಹರಡಿರುತ್ತಿತ್ತು, ನಾವು ಮಕ್ಕಳು ಕೋಳಿ ಕಾಯಬೇಕಿತ್ತು. ನಮ್ಮ ಪಾಲಿಗೆ ಮುಂಗಾರಿನ ಮೊದಲ ಕೆಲಸ ಅದು, ಮಳೆಗೆ ಇನ್ನೂ ಐದಾರು ತಿಂಗಳು ಇರುವಾಗ. ಕೊಯ್ಲಾದ ಹೊಲಕ್ಕೆ ಮಾಗಿ ಉಳುಮೆ, ಯುಗಾದಿ ಆದ ಮೇಲೆ ಹೊನ್ನಾರು, ಅಂದರೆ ವರ್ಷದ ಮೊದಲ ಆರು ಕಟ್ಟಿ ಉಳುವ ಶಾಸ್ತ್ರ, ತಿಪ್ಪೆ ಗೊಬ್ಬರ ಹೊಡೆಯುವುದು, ನೇಗಿಲಿನ ಗುಳವನ್ನು ಕುಲುಮೆಗೆ ಕೊಡುವುದು. ಬೆದೆ ಬಂದ ದಿನ ಮಾಡುವ ಕೆಲಸ ಬಿತ್ತುವುದೊಂದೇ ಆಗಿರಬೇಕು.

ಇದು ಮನೆಯ ಮಟ್ಟದ ಸಿದ್ಧತೆ. ಊರಿನ ಮಟ್ಟದ್ದು ಹಗೇವು.

ಹಗೇವು ಅಂದರೆ ನೆಲದೊಳಗಿನ ಕಣಜ. ಗಟ್ಟಿ ನೆಲ ನೋಡಿ ತೋಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ತಳಕ್ಕೂ ಸುತ್ತಲೂ ಹುಲ್ಲು ಒತ್ತಿ, ಕಾಳು ಸುರಿದು, ಮೇಲೆ ಮತ್ತೆ ಹುಲ್ಲು, ಚಪ್ಪಡಿ, ಮಣ್ಣು. ಮಳೆನೀರು ಇಳಿಯಬಾರದು. ಉತ್ತರ ಕರ್ನಾಟಕದಲ್ಲಿ ಜೋಳ, ನಮ್ಮ ಕಡೆ ರಾಗಿ. ರಾಗಿಗೆ ಹುಳ ಬೀಳುವುದು ಕಡಿಮೆ, ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಇರುತ್ತದೆ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಉಸಿರಾಡಿ ಒಳಗಿನ ಆಮ್ಲಜನಕ ಮುಗಿದುಹೋಗುತ್ತದೆ. ಹುಳ ಹುಟ್ಟಿದರೂ ಬದುಕದು. ಅದೇ ಗಾಳಿ ಮನುಷ್ಯನಿಗೂ ಅಪಾಯ. ಹಗೇವು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಿಟ್ಟು, ಆಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯಬೇಕು. ದೀಪ ಉರಿಯುತ್ತಿದ್ದರೆ ಇಳಿಯಬಹುದು. ಈ ಎಚ್ಚರ ಮರೆತು ಜೀವ ಹೋದದ್ದೂ ಇದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹಸಿದವರನ್ನು ಸೋಮಾರಿಗಳು ಅನ್ನುವ ಚಟ ನಮ್ಮಲ್ಲಿ ಇದೆ. ದುಡಿದಿದ್ದರೆ, ಕೂಡಿಟ್ಟಿದ್ದರೆ ಈ ಗತಿ ಬರುತ್ತಿತ್ತಾ ಅಂತ ಸಲೀಸಾಗಿ ಕೇಳಿಬಿಡುತ್ತೇವೆ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ತಿಂದ ಬರವನ್ನು ನೆನೆಸಿಕೊಳ್ಳಿ. ಸಂವತ್ಸರದ ಹೆಸರಿನಲ್ಲಿ ಅದನ್ನು ಧಾತು ಈಶ್ವರ ಬರ ಅನ್ನುತ್ತಾರೆ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಆ ಜನ ಹಗೇವು ತೋಡಲು ಬಾರದವರಲ್ಲ. ಕಾಳು ಕಾಯ್ದಿಡುವುದರಲ್ಲಿ ನಮಗಿಂತ ನೂರು ಪಾಲು ಜಾಣರು. ಆದರೆ ಮಳೆ ಮೇಲಿಂದ ಮೇಲೆ ಕೈಕೊಟ್ಟರೆ ಹಗೇವು ಬರಿದಾಗುತ್ತದೆ, ಮತ್ತೆ ತುಂಬಲು ಬೆಳೆ ಬೇಕು. ಹೊಲವೇ ಇಲ್ಲದವನಿಗೆ, ಕೂಲಿಯೇ ಬದುಕಾದವನಿಗೆ ಹಗೇವು ಎಲ್ಲಿಂದ ಬರಬೇಕು? ಸಿದ್ಧತೆ ಅನ್ನುವುದನ್ನು ಒಬ್ಬೊಬ್ಬರ ಗುಣ ಅಂತ ಮಾತ್ರ ನೋಡಿದರೆ ನಾವು ಕಟುಕರಾಗುತ್ತೇವೆ.

ನಮ್ಮ ಹಿಂದಿನವರು ಹಾಗೆ ನೋಡಿದವರಲ್ಲ ಅನ್ನುವುದಕ್ಕೆ ಕೆರೆಗಳೇ ಸಾಕ್ಷಿ. ಕೆರೆ ಒಂದು ಮನೆಯ ಕೆಲಸವಲ್ಲ. ಈಗಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನ ಇದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಅಲ್ಲಿ ಕಟ್ಟಿಸಿದ ಕೆರೆಯದು. 1000 ಆಳು, ಕಲ್ಲು ಸಾಗಿಸಲು 100 ಗಾಡಿ, ಎರಡು ವರ್ಷದ ಕೆಲಸ ಅಂತ ಬರೆಸಿದ್ದಾರೆ. ಅದಕ್ಕಿಂತ ನನಗೆ ಹಿಡಿಸುವುದು, ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಗೆ ಇರಬಾರದ 6 ದೋಷಗಳನ್ನೂ ಅದೇ ಕಲ್ಲಿನಲ್ಲಿ ಕೆತ್ತಿಸಿರುವುದು. ನೀರಿನ ಶಾಸ್ತ್ರ ಬಲ್ಲವನು ಬೇಕು, ಗಟ್ಟಿ ನೆಲ ಬೇಕು, ಹತ್ತಿರದಲ್ಲೇ ಕಲ್ಲಿನ ಗಣಿ ಬೇಕು. ಏರಿ ಜಿನುಗಬಾರದು, ಸವುಳು ನೆಲ ಆಗಬಾರದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟಬಾರದು. ಗಡಿಯ ಮಾತು ಕೇಳಿ ನಿಮ್ಮಲ್ಲಿ ಕೆಲವರು ಮುಖ ಮುಖ ನೋಡಿಕೊಂಡಿರಿ, ನನಗೆ ಕಂಡಿತು. ಇದನ್ನೆಲ್ಲ ಯಾಕೆ ಕಲ್ಲಿನಲ್ಲಿ ಬರೆಸಬೇಕಿತ್ತು? ಮುಂದೆ ಕೆರೆ ಕಟ್ಟುವವನು ಓದಲಿ ಅಂತಲೇ ಅನ್ನುವುದು ನನ್ನ ನಂಬಿಕೆ.

ಕಟ್ಟಿದರೆ ಮುಗಿಯಲಿಲ್ಲ. ಕೆರೆ ಪ್ರತಿ ಮಳೆಗಾಲಕ್ಕೂ ಒಂದಿಷ್ಟು ಹೂಳು ತಂದುಕೊಳ್ಳುತ್ತದೆ. ಬೇಸಿಗೆಯಲ್ಲಿ ನೀರು ಇಂಗಿದಾಗ ಊರಿನವರು ಗಾಡಿ ಕಟ್ಟಿಕೊಂಡು ಆ ಹೂಳುಮಣ್ಣನ್ನು, ಅಂದರೆ ಗೋಡನ್ನು, ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಗೆ ಆಳ, ಹೊಲಕ್ಕೆ ಸತ್ವ. ತೂಬು ನೋಡಿಕೊಳ್ಳಲು, ಸರದಿ ಪ್ರಕಾರ ನೀರು ಬಿಡಲು ನೀರಗಂಟಿ ಇದ್ದ. ಕೆರೆ ನೋಡಿಕೊಳ್ಳುವವರಿಗೆ ಭೂಮಿ ಬಿಟ್ಟುಕೊಟ್ಟ ಶಾಸನಗಳು ಗಂಗರ ಕಾಲದಿಂದಲೂ ಸಿಗುತ್ತವೆ. ಆ ವ್ಯವಸ್ಥೆ ಈಗ ಎಲ್ಲ ಕಡೆ ಸಡಿಲವಾಗಿದೆ. ಏರಿ ಬಿರಿದ ಮೇಲೆ ಮರಳು ಮೂಟೆ ಹೊತ್ತುಕೊಂಡು ಓಡುತ್ತೇವೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಗಾದೆ ಇದಕ್ಕೇ ಹೇಳಿಸಿದ ಹಾಗಿದೆ.

ಹಂಪಿಯಲ್ಲಿ ಇನ್ನೊಂದು ಶಾಸನ ಇದೆ, 15ನೇ ಶತಮಾನದ ಆರಂಭದ್ದು. ಲಕ್ಷ್ಮೀಧರ ಅಮಾತ್ಯ ಅನ್ನುವ ಮಂತ್ರಿಯದು. ಅವನು ಮಾಡಿದ ಒಳ್ಳೆಯ ಕೆಲಸಗಳಿಗೆ ಕಾರಣ ಯಾರು ಅಂತ ಅದು ಹೇಳುತ್ತದೆ. ಎಳೆ ಮಗುವಾಗಿದ್ದಾಗ ಹಾಲೆರೆಯುತ್ತಾ ಅವನ ತಾಯಿ ಕಿವಿಯಲ್ಲಿ ಹೇಳುತ್ತಿದ್ದಳಂತೆ: "ಕೆರೆಯಂ ಕಟ್ಟಿಸು, ಬಾವಿಯಂ ಸವೆಸು, ದೇವಾಗಾರಮಂ ಮಾಡಿಸು." ಸಂಕಟದಲ್ಲಿ ಸಿಕ್ಕಿದ ಅನಾಥರನ್ನು ಬಿಡಿಸು, ನಂಬಿದವರಿಗೆ ಆಸರೆಯಾಗು ಅಂತ ಆ ಪದ್ಯ ಮುಂದೆ ಹೋಗುತ್ತದೆ. ಈ ಸಾಲು ಓದಿದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ. ಮಾತೇ ಬಾರದ ಕೂಸಿಗೆ ಮೊದಲು ಕೇಳಿಸಿದ ಮಾತು ಕೆರೆ ಕಟ್ಟಿಸು ಅನ್ನುವುದು. ಆ ತಾಯಿಯ ಹೆಸರು ಆ ಪದ್ಯದಲ್ಲಿ ಇಲ್ಲ.

ನನ್ನ ಮಾತು ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸಭೆಯಲ್ಲಿ ಒಬ್ಬ ಹುಡುಗಿ ಎದ್ದು ಒಂದು ಪ್ರಶ್ನೆ ಕೇಳಿದಳು. ಅದನ್ನು ಬಿಡಲಾರೆ.

"ಸರ್, ನೀವು ಕೂಡಿಡಬೇಕು ಅಂತೀರಿ. ಬಸವಣ್ಣನವರು ನಾಳೆಗೆ ಅಂತ ಏನನ್ನೂ ಇಟ್ಟುಕೊಳ್ಳಬಾರದು ಅಂದಿದ್ದಾರಲ್ಲ?"

ಅವಳು ಹೇಳಿದ್ದು ನಿಜ. ಹೊನ್ನಿನಲ್ಲಿ ಒಂದು ಒರೆ, ಸೀರೆಯಲ್ಲಿ ಒಂದು ಎಳೆ, ಅನ್ನದಲ್ಲಿ ಒಂದು ಅಗುಳು ಕೂಡ ಇಂದಿಗೆ ನಾಳೆಗೆ ಅಂತ ಬಯಸುವುದಿಲ್ಲ ಎಂದು ಆಣೆ ಇಟ್ಟು ಹೇಳುವ ವಚನ ಅವರದು. ಅವಳಿಗೆ ನಾನು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕತೆ ನೆನಪಿಸಿದೆ. ಕಾಯಕವೇ ಕೈಲಾಸ ಅನ್ನುವ ಮಾತು ಬರುವುದು ಇದೇ ಮಾರಯ್ಯನವರ ವಚನದಲ್ಲಿ, ಬಹಳ ಜನ ಅದನ್ನು ಬಸವಣ್ಣನವರದು ಅಂದುಕೊಂಡಿದ್ದಾರೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಜಾಸ್ತಿ ತಂದರು. ಲಕ್ಕಮ್ಮ ಒಪ್ಪಲಿಲ್ಲ. "ಈಸಕ್ಕಿಯಾಸೆ ನಿಮಗೇಕೆ" ಅಂತ ಕೇಳಿ, ಹೆಚ್ಚಿನದನ್ನು ವಾಪಸ್ ಕಳಿಸಿದರು.

ಲಕ್ಕಮ್ಮ ತಡೆದದ್ದು ಆಸೆಯನ್ನು, ಕೆಲಸವನ್ನಲ್ಲ ಅಂತ ನನಗೆ ಅನಿಸುತ್ತದೆ. ಮರುದಿನ ಮಾರಯ್ಯ ಮತ್ತೆ ಅಕ್ಕಿ ಆಯಲು ಹೋಗಲೇಬೇಕು. ಅಜ್ಜಿ ಆರಿಸಿಟ್ಟ ತೆನೆಯನ್ನೂ ನಾನು ಹೀಗೇ ನೋಡುತ್ತೇನೆ. ಬೀಜದ ಮಡಕೆಯ ರಾಗಿಯನ್ನು ಅವಳು ಎಂಥ ಕಷ್ಟದಲ್ಲೂ ಬೀಸಿದವಳಲ್ಲ, ಮಾರಿದವಳಲ್ಲ. ಆದರೆ ಬಿತ್ತನೆಗೆ ಬೀಜ ಇಲ್ಲದೆ ಬಂದವರನ್ನು ಬರಿಗೈಲಿ ಕಳಿಸಿದ್ದನ್ನೂ ನಾನು ನೋಡಿಲ್ಲ. ಅಳೆದು ಕೊಡುವಾಗ ಸೇರಿನ ಮೇಲೆ ಗೋಪುರದ ಹಾಗೆ ನಿಲ್ಲಿಸಿ ಕೊಡುತ್ತಿದ್ದಳು.

ಹುಡುಗಿ ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ಯೋಚನೆ ಮಾಡುತ್ತೇನೆ ಸರ್ ಅಂದಳು. ನನಗೆ ಅದು ಇಷ್ಟವಾಯಿತು.

ಇನ್ನೊಬ್ಬರು ಹಿಂದಿನಿಂದ ಕೇಳಿದರು, "ಆ ಕೂರಿಗೆ ಏನಾಯ್ತು?"

ಮುಂದಿನ ವರ್ಷ ಅದೇ ಆರಿದ್ರಾ ಮಳೆಗೆ ಬಿತ್ತನೆ ಆಯಿತು. ಕೊನೆಯ ಸಾಲು ಮುಗಿದಾಗ ಸಂಜೆ. ಎತ್ತಿನ ಕೊರಳು ಬಿಚ್ಚಿ ಅವ್ವ ಮನೆ ಕಡೆ ಹೊರಟಳು. ಅಪ್ಪ ಕೂರಿಗೆಯನ್ನು ಹೆಗಲಿಗೆ ಹಾಕಿಕೊಂಡು ಆಚಾರ್ರ ಮನೆಯ ದಾರಿ ಹಿಡಿದರು. ತಾಳಿಗೆ ಹಸಿ ಮಣ್ಣು ಇನ್ನೂ ಮೆತ್ತಿತ್ತು. ಆಚಾರ್ರು ಊಟಕ್ಕೆ ಕೂತಿದ್ದವರು ಎದ್ದು ಬಂದು ತಿರುಗಿಸಿ ತಿರುಗಿಸಿ ನೋಡಿದರು. "ಏನೂ ಆಗಿಲ್ವಲ್ಲಣ್ಣ. ಇನ್ನು ಒಂದ್ ವರ್ಷ ಇದೆ ಇದರ ಕೆಲಸಕ್ಕೆ."

"ಒಂದು ಆಪು ಸಡಿಲ ಆದಂಗಿದೆ," ಅಂದರು ಅಪ್ಪ. "ನೋಡಿ ಕೊಡು. ನಾನು ಕೂತಿರ್ತೀನಿ."